ಹದ್ದು ಮೇಲೆ

ಹದ್ದು — ಯಾಕೆ ಹದ್ದು, ಈ ಹೊತ್ತಿನಲ್ಲಿ ಹದ್ದಿಗೆ ಇಲ್ಲೇನು ಕೆಲಸ, ಜೇಬಿನೊಳಗೆ ಹೆಬ್ಬೆರಳು ಅಪ್ಪನ ಹಳೇ ಬೆಳ್ಳಿ ನಾಣ್ಯವನ್ನು ಉಜ್ಜುತ್ತಿದೆ, ನಾಣ್ಯ ಬಿಸಿಯಾಗಿದೆ, ಓಕ್ಲಹೋಮಾದ ಬಿಸಿಲು ತಲೆಯ ಮೇಲೆ ಬಾಣಲೆ ಕವುಚಿದ ಹಾಗಿದೆ, ಹದಿನೆಂಟನೇ ಗುಳಿಯ ಸುತ್ತ ಕೂತಿದ್ದ ಜನವೆಲ್ಲ ಎದ್ದು ಲೋರೀ ಲೋರೀ ಎಂದು ಗಂಟಲು ಹರಿದುಕೊಳ್ಳುತ್ತಿದೆ, ಗೆದ್ದಾಯಿತು, ನಲವತ್ತಮೂರರ ಲೋರೆಟ್ಟಾ ಪ್ರೂಯಿಟ್ ಗೆದ್ದಾಯಿತು, ಒಂದೇ ಒಂದು ಹೊಡೆತದ ಅಂತರ, ಬೇರೆಲ್ಲ ಕಪ್ಪುಗಳೂ ಮನೆ ಸೇರಿ ಧೂಳು ಹಿಡಿದಿವೆ, ಹೆಂಗಸರ ಗಾಲ್ಫಿನ ಈ ದೊಡ್ಡ ಓಪನ್ ಒಂದೇ ಪ್ರತಿ ಸಲವೂ ಕೈಗೆ ಸಿಕ್ಕ ಮೀನಿನ ಹಾಗೆ ಜಾರಿ ಜಾರಿ, ಇವತ್ತು ಕೊನೆಗೂ, ಸಿನಿಮಾ ಆಗಿದ್ದರೆ ಈಗ ಹೀರೋಯಿನ್ ಕೈ ಚಾಚಿ ಗಿರಗಿರ ತಿರುಗಬೇಕು, ಟೋಪಿ ಸ್ಲೋ ಮೋಷನ್ನಿನಲ್ಲಿ ಹಾರಬೇಕು, ನೂರು ಪಿಟೀಲು ಒಟ್ಟಿಗೆ ಕುಯ್ಯಬೇಕು, ಆದರೆ ತಲೆಯೊಳಗೆ ಪಿಟೀಲಿಲ್ಲ, ಹದ್ದು ಕೂತಿದೆ, ರೆಕ್ಕೆ ಬಿಚ್ಚಿಕೊಂಡು, ಕೊರಳು ಓರೆ ಮಾಡಿಕೊಂಡು, ನಾಣ್ಯದ ಹಿಂಬದಿಯ ಆ ಹದ್ದು — ಹೋಗು, ಆಮೇಲೆ ಬಾ, ಫೋಟೋ ತೆಗೆಯುತ್ತಿದ್ದಾರೆ.

ಅತ್ಬಿಟ್ಟೆ ಕಣೇ ಲೋರಿ, ಥೂ, ಎಂದು ತಮ್ಮ ವೇಡ್ ಚೀಲ ಗಲಗಲಿಸುತ್ತ ಪಕ್ಕಕ್ಕೆ ಬಂದ, ಮೊದಲ ಟೂರ್ನಿಯಿಂದ ಇವತ್ತಿನವರೆಗೂ ಅವಳ ಗಾಲ್ಫ್ ಚೀಲ ಹೊತ್ತವನು, ಚೀಲದ ಜೊತೆ ಅವಳ ಬೈಗುಳವನ್ನೂ ಹೊತ್ತವನು, ಈಗ ಮೂಗು ಟೊಮೇಟೊ ಆಗಿದೆ, ಅಳಲ್ಲ ಅಂತ ನಮ್ಮನೆಯವ್ಳು ಜೋನೆಲ್ ಹತ್ರ ಬೆಟ್ ಕಟ್ಟಿದ್ದೆ ಮಾರಾಯ್ತಿ, ಇನ್ನೊಂದು ತಿಂಗ್ಳು ಮನೇಲಿ ಪಾತ್ರೆ ನಂದೇ, ಯಾವಾಗ ಅತ್ತೆ ಎಂದು ಅವಳು ಕೇಳಿದಳು, ಸುಮ್ಮನೆ ಕೇಳಿದ್ದು, ಆ ಬ್ರಿನ್ ಹುಡುಗಿ ಕೊನೇ ಗುಳೀಲಿ ಮಿಸ್ ಮಾಡಿದ್ಲಲ್ಲ, ಆವಾಗ್ಲೇ ಶುರು, ಕಣ್ಣೇ ಕಾಣ್ಲಿಲ್ಲ, ನೀನು ಹೊಡ್ದಿದ್ದೂ ನೋಡ್ಲಿಲ್ಲ, ಟೊಕ್ ಅಂತ ಗುಳಿಗೆ ಬಿದ್ದ ಸೌಂಡಷ್ಟೇ, ಮನೇಲಿ ಟೀವಿ ನೋಡ್ದೋರಿಗೆ ನನಗಿಂತ ಜಾಸ್ತಿ ಗೊತ್ತು. ನೋಡಲಿಲ್ಲ. ವೇಡ್ ನೋಡಲಿಲ್ಲ. ಬಿಡು, ಹಸಿವು ಇರಬೇಕು, ಬೆಳಿಗ್ಗೆ ಒಂದು ಬಾಳೆಹಣ್ಣು ಬಿಟ್ಟರೆ ಏನೂ ಇಲ್ಲ, ಸಾಯಂಕಾಲ ಕರಿದ ಬೆಂಡೆಕಾಯಿ ಒಂದು ಬುಟ್ಟಿ, ಹೊಗೆಯಲ್ಲಿ ಬೇಯಿಸಿದ ಮಾಂಸ ಒಂದು ತಟ್ಟೆ, ಪಕ್ಕದಲ್ಲಿ ಕಪ್ಪು.

ಹಗ್ಗದ ಆಚೆಯಿಂದ ಕೈಗಳು ಚಾಚಿಕೊಂಡಿವೆ, ಅವಳು ತಟ್ಟುತ್ತ ನಡೆದಳು, ಒಂದು ಕೈ ಬೆವರು, ಒಂದು ಕೈ ಐಸ್‌ಕ್ರೀಮು, ಟೀವಿಯವನು ಮೈಕು ಹಿಡಿದು ಅಡ್ಡ ಬಂದ, ಲೋರಿ ಒಂದೇ ನಿಮಿಷ, ಹೇಗನ್ನಿಸ್ತಿದೆ, ಹೊಟ್ಟೆ ಹಸೀತಿದೆ ಅಂದಳು, ಅವನು ಜೋಕೆಂದುಕೊಂಡು ನಕ್ಕ, ಮೊದ್ಲು ಸ್ಕೋರ್ ಕಾರ್ಡಿಗೆ ಸಹಿ ಹಾಕ್ಬಿಟ್ಟು ಬರ್ತೀನಪ್ಪಾ ಅಂದಳು, ಇವನೇ ಅಲ್ಲವೇ ಹೋದ ವರ್ಷ ಲೋರಿ ಪ್ರೂಯಿಟ್ ಅಂದರೆ ಖಾಯಂ ಸೆಕೆಂಡ್ ಹೀರೋಯಿನ್ ಅಂದಿದ್ದು, ಹಾಡಿಗೆ ಬರುತ್ತಾಳೆ, ಕುಣಿಯುತ್ತಾಳೆ, ಕ್ಲೈಮ್ಯಾಕ್ಸಿಗೆ ಮೊದಲೇ ಹೀರೋನ ಬಿಟ್ಟುಕೊಟ್ಟು ಊರು ಬಿಡುತ್ತಾಳೆ, ನಕ್ಕಿದ್ದರು ಎಲ್ಲರೂ, ಅವಳೂ ನಕ್ಕಿದ್ದಳು, ಹಲ್ಲು ಕಡಿಯುವುದಕ್ಕೂ ನಗುವುದಕ್ಕೂ ಬೇಕಾದದ್ದು ಅದೇ ಹಲ್ಲು. ಮದುವೆ ಯಾವಾಗ ಎಂದು ಕೇಳುತ್ತಿದ್ದರು ಆಗ, ಈಗ ನಿವೃತ್ತಿ ಯಾವಾಗ ಎನ್ನುತ್ತಾರೆ, ನಡುವೆ ಒಬ್ಬನಾದರೂ ಆಟ ಹೇಗಿದೆ ಎಂದು ಕೇಳಿದ್ದುಂಟೇ, ಪ್ರಾಯೋಜಕರ ಕಡೆಯ ಆ ನುಣ್ಣನೆ ತಲೆಯವನು ಸ್ಕರ್ಟು ಇನ್ನೊಂಚೂರು ಮೇಲಿದ್ರೆ ಕ್ಯಾಮೆರಾಗೆ ಚೆಂದ ಅಂದಾಗ ನೀವೇ ಹಾಕ್ಕೊಳ್ಳಿ ಸಾರ್, ಕಾಲು ಚೆನ್ನಾಗಿವೆ ಅಂದಿದ್ದಳು, ಅಲ್ಲಿಗೆ ಆ ಕರಾರು ಖಲಾಸು, ಮತ್ತೊಂದು ಊರಿನ ಕ್ಲಬ್ಬಿನಲ್ಲಿ ಕಪ್ಪು ಗೆದ್ದು ಕೈಯಲ್ಲಿ ಹಿಡಿದವಳನ್ನೇ ಮುಂಬಾಗಿಲು ಗಂಡಸರಿಗೆ ಮಾತ್ರ ಎಂದು ಅಡುಗೆಮನೆ ಮೂಲಕ ಒಳಗೆ ಕಳಿಸಿದ್ದರು, ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸು ಕಪ್ಪು ನೋಡಿ ಇದ್ರಲ್ಲಿ ಸೂಪ್ ಹಿಡಿಸುತ್ತಾ ಅಂತ ಕೇಳಿದ್ದಳು, ಆವತ್ತಿನ ಬಹುಮಾನಗಳಲ್ಲೆಲ್ಲ ಒಳ್ಳೆಯದು ಆ ಪ್ರಶ್ನೆಯೇ.

ಮತ್ತೆ ಹದ್ದು.

ಅಪ್ಪ ಇದ್ದಿದ್ದರೆ. ಟ್ರ್ಯಾಕ್ಟರ್ ರಿಪೇರಿ ಅಂಗಡಿಯ ಹಿಂದೆ ಕೆಂಪು ಮಣ್ಣಿನ ಖಾಲಿ ಜಾಗ, ಅದಕ್ಕೊಂದು ಬಲೆ ಕಟ್ಟಿ ಗಾಲ್ಫ್ ಅಭ್ಯಾಸದ ಅಂಗಳ ಎಂದು ಬೋರ್ಡು ಹಾಕಿದ್ದ ಅಪ್ಪ, ವಾರಕ್ಕೊಂದು ಕೌಬಾಯ್ ಸಿನಿಮಾ, ಮಿಕ್ಕ ದಿನವೆಲ್ಲ ಅದೇ ಗತ್ತಿನ ಮಾತು, ಗಾಳಿ ಬೀಸಿ ಚೆಂಡು ಎಲ್ಲೆಲ್ಲೋ ಹೋಗಿ ಅವಳು ಅಳುತ್ತ ನಿಂತರೆ ಗಾಳಿ ನಿನ್ನ ವಿಲನ್ ಅಲ್ಲ ಮಗಳೇ, ಎದುರುಮನೆಯೋನು, ದಿನಾ ಮುಖ ನೋಡ್ಬೇಕು, ಒಂದು ಹಲೋ ಹೇಳು, ನಿನ್ನ ಕೆಲ್ಸ ನೋಡ್ಕೋ ಅನ್ನುತ್ತಿದ್ದ. ಗಾಳಿಯನ್ನು ಅವಳು ಕಲಿತಳು, ದೂರದ ಹೊಡೆತ ಕಲಿತಳು, ಮರಳಿನ ಗುಂಡಿಯಿಂದ ಚೆಂಡನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುವುದನ್ನು ಕಲಿತಳು, ಕೊನೆಗೆ ಕೈ ಕೊಟ್ಟದ್ದು ಕೈಯೇ, ಗುಳಿಯಿಂದ ಮೂರೇ ಅಡಿ, ಮೆಲ್ಲಗೆ ಉರುಳಿಸಿದರೆ ಸಾಕು, ಎಳೆ ಮಗು ಹಾಕುತ್ತದೆ, ಪಟರ್ ಕೋಲು ಹಿಡಿದು ನಿಂತ ಕೂಡಲೇ ಬಲಗೈ ಮಣಿಕಟ್ಟಿನಲ್ಲಿ ಹಲ್ಲಿ ಬಾಲದ ಹಾಗೆ ಒಂದು ಚಿಟಕ್, ಚೆಂಡು ಹೊರಗೆ, ಕಪ್ಪು ಹೊರಗೆ, ಡಾಕ್ಟರು ನರ ಸರಿಯಿದೆ ಅಂದರು, ಮನಸ್ಸಿನ ಡಾಕ್ಟರು ಮನಸ್ಸೂ ಸರಿಯಿದೆ ಅಂದರು, ಹಾಗಾದರೆ ಕೆಟ್ಟಿರುವುದು ಏನು ಸ್ವಾಮಿ, ಹುಲ್ಲೇ? ಅಂಥ ಕೈ ಇವತ್ತು ಕೊನೇ ಗುಳಿಯಲ್ಲಿ ಚಿಟಕ್ಕನ್ನಲಿಲ್ಲ, ಚೆಂಡು ನೆಟ್ಟಗೆ ಹೋಯಿತು, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ —

ನೆಟ್ಟಗೆ ಯಾಕೆ ಹೋಯಿತು?

ಹೋಗಬಾರದಿತ್ತಲ್ಲ, ಮೊದಲು ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದಾಗ ವೇಡ್ ಹೇಳಿದ್ದ, ಕೊನೇಲಿ ಬಲಕ್ಕೆ ಜಾರತ್ತೆ ಕಣೇ, ಕಳ್ಳ ಇಳಿಜಾರು, ಒಂದು ಬೆರಳು ಎಡಕ್ಕೆ ಹೊಡಿ, ಅವಳಿಗೂ ಹಾಗೇ ಕಂಡಿತ್ತು, ಆಮೇಲೆ ಹೊಡೆಯಲು ನಿಂತಾಗ ಇಳಿಜಾರೇ ಕಾಣಲಿಲ್ಲ, ಅಬ್ಬ, ಹುಲ್ಲಿಗೂ ಕರುಣೆ ಬಂತು ಅಂದುಕೊಂಡಳು, ಮೂರ್ಖಿ, ಹುಲ್ಲಿಗೆ ಯಾವತ್ತು ಬಂದಿದೆ ಕರುಣೆ. ನಡುವೆ ಏನಾಯಿತು, ನಡುವೆ ಬ್ರಿನ್, ಇಪ್ಪತ್ತೆರಡರ ಬ್ರಿನ್ ಆಸ್ಟರ್‌ಮನ್, ಅಲ್ಲಿಯವರೆಗೂ ಇಬ್ಬರೂ ಸಮಸಮ, ಅವಳ ಚೆಂಡು ದೂರ, ಅವಳದೇ ಮೊದಲ ಸರದಿ, ಚೆಂಡು ಎತ್ತಿ ಅದರ ಜಾಗದ ಗುರುತಿಗೆ ಇಟ್ಟಿದ್ದ ಲೋರಿಯ ನಾಣ್ಯ ಅವಳ ದಾರಿಗೆ ಅಡ್ಡ, ಮ್ಯಾಮ್ ಒಂಚೂರು ಸರಿಸ್ತೀರಾ, ಆ ಮ್ಯಾಮ್ ಅನ್ನುವುದರಲ್ಲೇ ಇದೆ ಸೂಜಿ, ಚಿಕ್ಕವಳಿದ್ದಾಗ ನಿಮ್ಮ ಪೋಸ್ಟರ್ ನನ್ನ ಮಂಚದ ಮೇಲಿತ್ತು ಮ್ಯಾಮ್ ಎಂದು ನಾಲ್ಕು ದಿನದಿಂದ ಸಿಕ್ಕವರೆದುರೆಲ್ಲ ಹೇಳಿ ವಯಸ್ಸು ನೆನಪಿಸುತ್ತಿದ್ದಾಳೆ, ಸರಿ, ಲೋರಿ ಬಗ್ಗಿದಳು, ಪಟರ್ ಕೋಲಿನ ತಲೆಯನ್ನು ನಾಣ್ಯದ ಪಕ್ಕ ಇಟ್ಟಳು, ಆ ತಲೆಯಷ್ಟು ಅಗಲ ಎಡಕ್ಕೆ ಸರಿಸಿದಳು, ನಾಣ್ಯವನ್ನು ಮಗುಚಿ ಇಟ್ಟಳು. ಹದ್ದು ಮೇಲೆ. ಅಪ್ಪನ ಪಾಠ, ಅಂಗಳದ ಮೊದಲ ವರ್ಷದ್ದು, ಚೆಂಡು ಎತ್ತೋ ಮುಂಚೆ ಹಿಂದೆ ನಾಣ್ಯ ಇಡು, ಮುಖ ಮೇಲೆ, ಇನ್ನೊಬ್ರಿಗೆ ಅಡ್ಡ ಬಂದ್ರೆ ಪಕ್ಕಕ್ಕೆ ಸರಿಸು, ಆಗ ಹದ್ದು ಮೇಲೆ, ಮುಖ ಕಂಡ್ರೆ ಸ್ವಂತ ಮನೆ ಮಗಳೇ, ಹದ್ದು ಕಂಡ್ರೆ ಬಾಡಿಗೆ ಮನೆ, ಗಂಟುಮೂಟೆ ಕಟ್ಕೊಂಡು ಹಳೇ ಜಾಗಕ್ಕೆ ವಾಪಸ್ ಬಾ. ಬ್ರಿನ್ ಹೊಡೆದಳು, ಚೆಂಡು ಗುಳಿಯ ತುಟಿ ಸವರಿ ಆಚೆ ಹೋಯಿತು, ಸಾವಿರಾರು ಜನ ಒಟ್ಟಿಗೆ ಅಯ್ಯೋ ಅಂದರು, ಆ ಅಯ್ಯೋ ಒಳಗೆ ಲೋರಿಯ ತಲೆ ಖಾಲಿಯಾಯಿತು, ಬ್ರಿನ್ ಉಳಿದದ್ದನ್ನು ತಳ್ಳಿ ಮುಗಿಸಿ ಬೆನ್ನು ತಿರುಗಿಸಿ ನಿಂತಳು, ಕ್ಯಾಮೆರಾಗಳೆಲ್ಲ ಅವಳ ಮುಖದ ಹಿಂದೆ ಓಡಿದವು, ಇಂಥ ಹೊತ್ತಲ್ಲಿ ವೇಡ್ ಪ್ರತಿ ಸಲ ನಾಣ್ಯ ಲೋರಿ ಅನ್ನುತ್ತಾನೆ, ಎರಡೇ ಪದ, ಇವತ್ತು ಅನ್ನಲಿಲ್ಲ, ಮೂಗು ಒರೆಸಿಕೊಳ್ಳುತ್ತಿದ್ದ, ಅವಳು ಬಗ್ಗಿ ನಾಣ್ಯದ ಮುಂದೆ ಚೆಂಡು ಇಟ್ಟು, ನಾಣ್ಯ ಎತ್ತಿ, ಎತ್ತುವಾಗ ಬೆರಳ ನಡುವೆ ಕಂಡದ್ದು —

ಇಲ್ಲ, ಮುಖ. ಮುಖವೇ ಕಂಡದ್ದು, ಮೂಗು ಸವೆದ ಆ ಅಧ್ಯಕ್ಷನ ಮುಖ. ನೆನಪು ಮಾಡಿಕೋ. ಮುಖ, ಮುಖ, ಮುಖ ಎಂದು ಮೂರು ಸಲ ಕರೆದಳು, ಮೂರು ಸಲವೂ ಬಂದದ್ದು ರೆಕ್ಕೆ.

ಸರಿ, ಹಾಗಾದರೆ ಏನೀಗ, ಎಷ್ಟು ದೂರ ಅದು, ಅಂಗೈ ಅಗಲವೂ ಇಲ್ಲ, ಅಷ್ಟು ಜಾಗದಲ್ಲಿ ಒಂದು ಕಪ್ಪೆಯೂ ಸಂಸಾರ ಮಾಡಲಾರದು, ವಾಪಸ್ ಸರಿಸಿದ್ದರೂ ಹಾಕುತ್ತಿದ್ದಳು, ಹಾಕುತ್ತಿದ್ದಳೇ, ಆ ಕಳ್ಳ ಇಳಿಜಾರಿನಲ್ಲಿ, ಆ ಹಲ್ಲಿ ಬಾಲದ ಕೈಯಲ್ಲಿ — ಹಾಕುತ್ತಿದ್ದಳು! ಯಾರು ನೋಡಿದರು, ವೇಡ್ ಇಲ್ಲ, ಬ್ರಿನ್ ಇಲ್ಲ, ಕ್ಯಾಮೆರಾ ಇಲ್ಲ, ತಪ್ಪು ಜಾಗದಿಂದ ಹೊಡೆದರೆ ಎರಡು ಹೊಡೆತ ದಂಡ, ನಾಲ್ಕಕ್ಕೆ ಎರಡು ಸೇರಿದರೆ ಆರು, ಒಂದರಿಂದ ಗೆದ್ದದ್ದು ಒಂದರಿಂದ ಸೋಲು, ಮತ್ತೆ ಸೆಕೆಂಡ್ ಹೀರೋಯಿನ್, ಊರು ಬಿಡುವ ಸೀನು, ಸೂಟ್‌ಕೇಸು, ಬಸ್ಸು. ವೇಡ್ ನೋಡುವ ಫುಟ್‌ಬಾಲಿನಲ್ಲಿ ಎದುರಾಳಿಯ ಅಂಗಿ ಹಿಡಿದು ಕೆಡವಿದವನು ಎರಡೂ ಕೈ ಮೇಲೆತ್ತಿ ನಾನೇನ್ ಮಾಡ್ದೆ ಸ್ವಾಮಿ ಎಂದು ನಿಲ್ಲುತ್ತಾನೆ, ಅವನ ಪ್ರತಿಮೆ ನಿಲ್ಲಿಸುತ್ತಾರೆ ಊರಲ್ಲಿ, ಈ ದರಿದ್ರ ಆಟದಲ್ಲಿ ಮಾತ್ರ ಸೀಟಿ ಊದುವವನಿಲ್ಲ, ತನ್ನ ಮೇಲೆ ತಾನೇ ದೂರು ಕೊಡಬೇಕು, ಕಳ್ಳಿ ಅವಳೇ, ಪೊಲೀಸೂ ಅವಳೇ, ಜಡ್ಜೂ ಅವಳೇ, ತ್ರಿಪಾತ್ರಾಭಿನಯ, ಸಂಭಾವನೆ ಮಾತ್ರ ಒಂದೇ, ಅದೂ ಗಂಡಸರದರ ಅರ್ಧ. ಏ ಅಪ್ಪಾ, ಬೇರೆ ಏನಾದರೂ ಕಲಿಸಬಾರದಿತ್ತೇ, ಕುದುರೆ ಸವಾರಿ, ಇಸ್ಪೀಟು, ಬ್ಯಾಂಕ್ ದರೋಡೆ. ಯಾಕೇ ಮುಖ ಹಂಗ್ ಮಾಡ್ಕೊಂಡಿದ್ದೀಯ, ಗೆದ್ದಿರೋದು ನೀನೇ ತಾಯಿ, ಎಂದು ವೇಡ್ ಬೆನ್ನಿಗೆ ಗುದ್ದಿದ, ವೇಡ್ ಅಂದಳು, ಏನು ಅಂದ, ಕೆಂಪು ಮೂಗು, ಗೆಲುವಿನ ಇಷ್ಟಗಲ ಬಾಯಿ, ಅಪ್ಪನದೇ ಬಾಯಿ, ಏನಿಲ್ಲ ಅಂದಳು, ಮೂಗು ಒರೆಸ್ಕೋ.

ಡೇರೆಯೊಳಗೆ ಫ್ಯಾನು ತಿರುಗುತ್ತಿದೆ, ಮೇಜು, ಎರಡು ಪೆನ್ಸಿಲು, ಕನ್ನಡಕಕ್ಕೆ ಸರಪಣಿ ಕಟ್ಟಿಕೊಂಡ ಅಧಿಕಾರಿ ಹೆಂಗಸು, ಬನ್ನಿ ಹುಡುಗೀರಾ, ಲೆಕ್ಕ ನೋಡ್ಕೊಂಡು ಸಹಿ ಹಾಕಿ, ಆತುರ ಬೇಡ ಅಂದರು, ನಲವತ್ತಮೂರರವಳನ್ನೂ ಹುಡುಗಿ ಅನ್ನುವವರು ಇಡೀ ದೇಶದಲ್ಲಿ ಇವರೊಬ್ಬರೇ ಇರಬೇಕು. ಬ್ರಿನ್ ಆಗಲೇ ಕೂತಿದ್ದಾಳೆ, ಕಣ್ಣು ಊದಿಕೊಂಡಿದೆ, ಆದರೂ ಸೂಜಿ ಬಿಡಲಿಲ್ಲ, ಕಂಗ್ರಾಟ್ಸ್ ಮ್ಯಾಮ್, ಇನ್ನಾದ್ರೂ ರಿಟೈರ್ ಆಗಿ, ನಮ್ಮಂಥ ಬಡವ್ರೂ ಬದುಕ್ಬೇಕು, ತುಟಿ ನಡುಗಿತು ಹೇಳುವಾಗ, ಅಯ್ಯೋ ಕೂಸೇ. ಒಬ್ಬರ ಅಂಕ ಇನ್ನೊಬ್ಬರು ಬರೆಯುವ ಪದ್ಧತಿ, ಲೋರಿಯ ಕಾರ್ಡು ಬ್ರಿನ್ ಕೈಯಲ್ಲಿ, ಬೆಳಿಗ್ಗೆ ಏಳನೇ ಗುಳಿಯಲ್ಲಿ ಈ ಕೂಸೇ ತನ್ನ ನಾಣ್ಯ ಮಗುಚಿ ಇಟ್ಟು ತೋರಿಸಿತ್ತು, ನೀವೇ ಕಲಿಸಿದ್ದು ಮ್ಯಾಮ್, ಟಲ್ಸಾದಲ್ಲಿ ಮಕ್ಕಳ ಶಿಬಿರ, ನನಗೆ ಎಂಟು ವರ್ಷ, ಮುಂದಿನ ಹಲ್ಲಿರ್ಲಿಲ್ಲ, ಬಾಡಿಗೆ ಮನೆ ಕಥೆ ಹೇಳಿದ್ರಿ, ಲೋರಿಗೆ ನೆನಪಿರಲಿಲ್ಲ, ಹೌದಾ ಅಂದು ಮುಂದೆ ಹೋಗಿದ್ದಳು, ಈಗ ನೆನಪಾಗುತ್ತಿದೆ, ಹಲ್ಲಿಲ್ಲದ ಒಂದು ಬಾಯಿ ಹದ್ದು ಹದ್ದು ಎಂದು ಕುಣಿದದ್ದು.

ಬ್ರಿನ್ ಪೆನ್ಸಿಲಿನ ತುದಿ ಇಳಿಸುತ್ತ ಓದಿದಳು, ಹದಿನಾರಕ್ಕೆ ಮೂರು, ಹದಿನೇಳಕ್ಕೆ ನಾಲ್ಕು, ಹದಿನೆಂಟಕ್ಕೆ ನಾಲ್ಕು, ಸರಿ ತಾನೇ ಮ್ಯಾಮ್? ಹೊರಗೆ ಕಪ್ಪು ತಂದಿಟ್ಟರೇನೋ, ಚಪ್ಪಾಳೆ, ವೇಡ್ ಯಾರ ಜೊತೆಗೋ ಜೋರಾಗಿ ನಗುತ್ತಿದ್ದಾನೆ, ಸರಿ ಅನ್ನು ಲೋರಿ, ಎರಡೇ ಅಕ್ಷರ, ಸ ಮತ್ತು ರಿ, ಒಂದು ಸಲ ಅಂದುಬಿಟ್ಟರೆ ಮುಗಿಯಿತು, ಸಾಯುವವರೆಗೂ ಚಾಂಪಿಯನ್, ಸಾಯುವವರೆಗೂ ಜೇಬಿನಲ್ಲಿ ಇದು, ಕೈ ಹೊರಗೆ ಬಂತು, ಮುಷ್ಟಿ ಬಿಚ್ಚಿತು, ನಾಣ್ಯ ಮೇಜಿನ ಮೇಲೆ, ಕಾರ್ಡಿನ ಪಕ್ಕದಲ್ಲಿ, ಅಂಗೈ ಅಗಲದಷ್ಟು ಆಚೆ, ಮುಖ ಮೇಲೆ ಬಿದ್ದಿತ್ತು, ಹೆಬ್ಬೆರಳು ಅದನ್ನು ಮಗುಚಿತು, ಬ್ರಿನ್ ನೋಡಿದಳು, ಪೆನ್ಸಿಲು ನಿಂತಿತು, ಮ್ಯಾಮ್ ಅಂದಳು, ಈ ಸಲ ಸೂಜಿ ಇಲ್ಲ, ಇಲ್ಲ ಮ್ಯಾಮ್, ಬೇಡ ಮ್ಯಾಮ್, ಅಧಿಕಾರಿ ಹೆಂಗಸು ಏನಾಯ್ತಮ್ಮ ಎಂದು ಕನ್ನಡಕ ಏರಿಸಿದರು, ಆರು ಅಂದಳು ಲೋರಿ, ಹದಿನೆಂಟಕ್ಕೆ ಆರು, ಆಮೇಲೆ ಫ್ಯಾನಿನ ಸದ್ದು, ಚಪ್ಪಾಳೆ ಎಲ್ಲೋ ದೂರ, ಮೇಜಿನ ಮೇಲೆ ಬೆಳ್ಳಿ, ಸವೆದ ರೆಕ್ಕೆ, ಓರೆ ಕೊರಳು, ಹದ್ದು, ಹದ್ದು ಮೇಲೆ, ಹದ್ದು