ಮುನಿರಾಜು ಗಾಡಿಗೆ ಸೋಲಾರ್ ಕೂರಿಸಿದ್ದು

ಮುನಿರಾಜುವಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕೆಂಗೇರಿಗೂ ಮೆಜೆಸ್ಟಿಕ್ಕಿಗೂ ಮಧ್ಯೆ ಸಿಟಿ ಬಸ್ ಓಡಿಸುತ್ತಿದ್ದಷ್ಟು ವರ್ಷ ಅದು ಮನೆಯವರಿಗೆ ಗೊತ್ತೇ ಆಗಿರಲಿಲ್ಲ. ರಿಟೈರ್ ಆದ ಮೇಲೆ ಗೊತ್ತಾಯಿತು. ಕಾಫಿ ಲೋಟ ಕೆಳಗಿಡುವ ಮುಂಚೆಯೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಮಾಗಡಿ ರೋಡಿಗೆ ಹೋಗಿ ಬರುತ್ತಿದ್ದ, ವಿಜಯನಗರದ ಬಸ್ ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದ, ಬಂದು ಟಿವಿ ಹಾಕಿ, ನಾಲ್ಕು ಚಾನೆಲ್ ತಿರುಗಿಸಿ, ಆರಿಸಿ, ಮತ್ತೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದ.

"ರೀ, ಯಾರಾದ್ರೂ ಬರೋರಿದಾರಾ?" ಎಂದು ಹೆಂಡತಿ ಮುನಿತಾಯಮ್ಮ ಒಳಗಿಂದ ಕೇಳುತ್ತಿದ್ದಳು.

"ಯಾರೂ ಇಲ್ಲ. ಸುಮ್ನೆ."

ಅವನು ಅಷ್ಟು ವರ್ಷ ಓಡಿಸಿದ್ದು ಒಂದೇ ರಸ್ತೆ. ಮೈಸೂರು ರೋಡು ಕೆಂಗೇರಿ ದಾಟಿ ಮುಂದಕ್ಕೆ ಹೋಗುವುದನ್ನು ದಿನಾ ನೋಡಿ, ಬಸ್ಸು ತಿರುಗಿಸಿಕೊಂಡು ವಾಪಸ್ ಬಂದವನು. ಹಾಗಾಗಿ ಒಂದು ದಿನ ಅವನು ಹಳೇ ಟೆಂಪೋ ಟ್ರಾವೆಲರ್ ಗಾಡಿಯೊಂದನ್ನು ತಂದು, ಗೋವಿಂದರಾಜನಗರದ ತಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ನಿಲ್ಲಿಸಿದಾಗ ಮುನಿತಾಯಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ಮದುವೆ ಪಾರ್ಟಿಗಳನ್ನು ಹೊತ್ತು ಸವೆದಿದ್ದ ಗಾಡಿ. ಮುನಿರಾಜು ಅದರ ಸೀಟುಗಳನ್ನೆಲ್ಲ ಕೀಳಿಸಿದ. ಬಾಪೂಜಿ ನಗರದ ಬಡಗಿಯನ್ನು ಕರೆಸಿ ಮಂಚ ಹೊಡೆಸಿದ. ಒಲೆ ಇಡಲು ಕಟ್ಟೆ, ನೀರಿನ ಟ್ಯಾಂಕು, ಕಿಟಕಿಗೆ ಪರದೆ, ಎಲ್ಲ ಆಯಿತು.

"ಇನ್ನೇನು, ಹೊರಡೋದೇ," ಎಂದ.

"ನೀವು ಹೋಗ್ಬನ್ನಿ. ನಾನು ಬರಲ್ಲ," ಎಂದಳು ಮುನಿತಾಯಮ್ಮ.

ಅವಳು ಹಟಕ್ಕೆ ಹೇಳಿದ ಮಾತಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ ಅವಳಿಗಿತ್ತು. ಮಲಗುವಾಗ ಮೂಗಿಗೆ ಮಾಸ್ಕ್ ಹಾಕಿ, ಪಕ್ಕದಲ್ಲಿ ಗಾಳಿ ಒತ್ತುವ ಸಣ್ಣ ಮೆಷಿನ್ ಇಟ್ಟುಕೊಳ್ಳಬೇಕು. ಹಿಂದಿನ ಮಳೆಗಾಲದಲ್ಲಿ ಒಮ್ಮೆ ಕರೆಂಟು ಹೋಗಿ, ಮೆಷಿನ್ ನಿಂತು, ಅವಳು ಕತ್ತು ಹಿಸುಕಿದಂತಾಗಿ ಎದ್ದು ಕೂತಿದ್ದಳು. ಮನೆಗೆ ಯುಪಿಎಸ್ ಹಾಕಿಸಿದರು. ಆದರೂ ಅಂದಿನಿಂದ ಅವಳು ಬೇರೆ ಯಾರ ಮನೆಯಲ್ಲೂ ರಾತ್ರಿ ಉಳಿದಿರಲಿಲ್ಲ. ಆರ್‌ಪಿಸಿ ಲೇಔಟಿನಲ್ಲಿರುವ ಮಗಳು ಕೀರ್ತನಾಳ ಮನೆಗೆ ಹೋದರೂ ಕತ್ತಲಾಗುವುದರೊಳಗೆ ಆಟೋ ಹತ್ತುತ್ತಿದ್ದಳು.

ಒಬ್ಬನೇ ಹೋಗುವ ಯೋಚನೆ ಮುನಿರಾಜುವಿಗೆ ಬರಲೇ ಇಲ್ಲ. ಗಾಡಿಯ ತಲೆಯ ಮೇಲೆ ಸೋಲಾರ್ ಹಾಕಿಸುತ್ತೇನೆ, ಮೆಷಿನ್ ರಾತ್ರಿಯಿಡೀ ಓಡುವಂತೆ ಮಾಡುತ್ತೇನೆ ಎಂದ. ಮೈಸೂರು ರೋಡಿನಲ್ಲಿ ಗಾಡಿಗಳ ವೈರಿಂಗ್ ಮಾಡುವ ಮುರುಗೇಶನನ್ನು ಕರೆತಂದ. ಮುರುಗೇಶ ಎರಡು ಪ್ಯಾನಲ್‌ಗಳನ್ನು ಟಾಪಿಗೆ ಬೋಲ್ಟ್ ಮಾಡಿದ, ವೈರು ಒಳಕ್ಕೆ ಬಿಟ್ಟ, ಮಂಚದ ಕೆಳಗೆ ಬ್ಯಾಟರಿ ಕೂರಿಸಿದ, ಬದಿಯ ಹಲಗೆಗೆ ಒಂದು ಡಬ್ಬ ಹೊಡೆದ.

"ಇದು ಕಂಟ್ರೋಲರ್ ಮುನಿರಾಜಣ್ಣ. ಬಿಸಿಲಿಂದ ಬಂದಿದ್ದನ್ನ ಹದ ಮಾಡಿ ಬ್ಯಾಟರಿಗೆ ಬಿಡುತ್ತೆ. ಬ್ಯಾಟರಿಯಿಂದ ಇನ್ವರ್ಟರ್, ಅಲ್ಲಿಂದ ಅಕ್ಕನ ಮೆಷಿನ್‌ಗೆ. ಇನ್ನು ಕನೆಕ್ಷನ್ ಕೊಡೋದೊಂದೇ. ಬುಧವಾರ ಬಂದು ಕೊಟ್ಬಿಡ್ತೀನಿ. ಅಲ್ಲೀವರ್ಗೂ ಕೈ ಹಾಕ್ಬೇಡಿ."

ಅದೇ ಹೊತ್ತಿಗೆ ಮುನಿತಾಯಮ್ಮನೂ ಸ್ವಲ್ಪ ಮೆತ್ತಗಾಗಿದ್ದಳು. "ಮೊದ್ಲು ಒಂದು ಮಧ್ಯಾಹ್ನ ಅದ್ರಲ್ಲಿ ಮಲಗಿ ನೋಡ್ತೀನಿ. ಮೆಷಿನ್ ನಿಲ್ಲದೇ ಇದ್ರೆ ಆಮೇಲೆ ರಾತ್ರಿ ವಿಚಾರ," ಎಂದಳು. ಮುರುಗೇಶ ಬುಧವಾರ ಬರುವುದು ಗೊತ್ತಿಲ್ಲದೆ, ಭಾನುವಾರ ಮಲಗುತ್ತೇನೆ ಎಂದೂ ಹೇಳಿಬಿಟ್ಟಳು.

ಭಾನುವಾರ ಬಂತು. ಬರುವ ಬುಧವಾರ ಬರುತ್ತೇನೆಂದಿದ್ದವನನ್ನು ಮುನಿರಾಜು ಇವತ್ತೇ ಬಾ ಎಂದು ಬೆಳಗ್ಗೆಯಿಂದ ಮೂರು ಸಲ ಫೋನಿನಲ್ಲಿ ಕರೆದ. ಮುರುಗೇಶ ಯಾವುದೋ ಬಸ್ಸಿನ ಕೆಳಗೆ ಮಲಗಿ ವೈರಿಂಗ್ ಮಾಡುತ್ತಿದ್ದ, ಬರಲಿಲ್ಲ. ಮುನಿರಾಜು ಗಾಡಿಯ ಒಳಗೆ ಹೋದ, ಹೊರಗೆ ಬಂದ. ಎರಡು ಜೊತೆ ವೈರು, ನಾಲ್ಕು ಸ್ಕ್ರೂ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಇದಕ್ಕೆ ಬುಧವಾರ ಯಾಕೆ ಬೇಕು? ಸ್ಕ್ರೂಡ್ರೈವರ್ ತಂದು ಪ್ಯಾನಲ್ಲಿನ ವೈರುಗಳನ್ನು ಡಬ್ಬಕ್ಕೆ ಬಿಗಿದ. ಬ್ಯಾಟರಿಯ ವೈರನ್ನು ಇನ್ನೂ ಕೈಯಲ್ಲಿ ಹಿಡಿದಿದ್ದಾಗಲೇ ಡಬ್ಬದೊಳಗೆ ಚಟ್ ಎಂದಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಡಬ್ಬದ ಪುಟ್ಟ ಪರದೆಯ ಮೇಲೆ ಒಂದು ಸಲ ಮಿಂಚಿದ್ದ ಅಂಕಿಗಳು ಹೋದವು, ಮತ್ತೆ ಬರಲಿಲ್ಲ.

ಅವನು ಕಿಟಕಿಗಳನ್ನೆಲ್ಲ ತೆಗೆದು, ಟವೆಲ್ಲಿನಿಂದ ವಾಸನೆಯನ್ನು ಹೊರಗೆ ಬೀಸಿದ. ಈಗ ಹೋಗಿ ಆಗಲಿಲ್ಲವೆಂದರೆ ಅವಳು ಇನ್ನೊಂದು ಸಲ ಒಪ್ಪುತ್ತಾಳೆಂದು ಏನು ಗ್ಯಾರಂಟಿ? ನಾಳೆ ಹೊಸ ಡಬ್ಬ ತಂದರಾಯಿತು. ಇವತ್ತೊಂದು ಮಧ್ಯಾಹ್ನ ಕಳೆದರೆ ಸಾಕು. ಸೈಟಿನ ಪಕ್ಕಕ್ಕೆ ಹನುಮಂತಯ್ಯನ ಹಿಟ್ಟಿನ ಗಿರಣಿ ಇತ್ತು. ಮುನಿರಾಜು ಅಲ್ಲಿಗೆ ಹೋಗಿ, "ಒಂದು ಲೈನ್ ಎಳ್ಕೊಳ್ತೀನಿ ಹನುಮಂತಯ್ಯ, ಸಾಯಂಕಾಲದವರೆಗೆ," ಎಂದು ಕೇಳಿ, ಕಿಟಕಿಯಿಂದ ಉದ್ದದ ವೈರು ಎಳೆದು ತಂದ. ಗಾಡಿಯ ರಬ್ಬರ್ ಮ್ಯಾಟಿನ ಕೆಳಗೆ ಅದನ್ನು ತೂರಿಸಿ, ಮಂಚದ ಹಿಂದಿನ ಪ್ಲಗ್ಗಿಗೆ ಸೇರಿಸಿದ.

ಊಟ ಮುಗಿಸಿ ಮುನಿತಾಯಮ್ಮ ಮೆಷಿನ್ ಎತ್ತಿಕೊಂಡು ಬಂದಳು. ಮಂಚದ ಮೇಲೆ ಕೂತು ಹಾಸಿಗೆ ಒತ್ತಿ ನೋಡಿದಳು.

"ಎಲ್ಲ ಸರಿ ಇದ್ಯಾ?"

"ಬಿಸಿಲು ನೋಡು ಹೆಂಗಿದೆ. ಅದ್ರಲ್ಲೇ ಓಡೋದು. ಮಲಗು ನೀನು."

ಅವಳು ಮಾಸ್ಕ್ ಕಟ್ಟಿಕೊಂಡು ಮಲಗಿದಳು. ಪಕ್ಕದಲ್ಲಿ ಗಿರಣಿ ಗರಗರ ಎನ್ನುತ್ತಿತ್ತು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ದುಡಿದವಳಿಗೆ ಆ ಸದ್ದು ಜೋಗುಳದ ಹಾಗೆಯೇ ಇತ್ತು, ಬೇಗ ನಿದ್ದೆ ಹತ್ತಿತು. ಮುನಿರಾಜು ಹೊರಗೆ ಗಾಡಿಯನ್ನು ಸುತ್ತು ಹಾಕುತ್ತಿದ್ದ.

ಗಿರಣಿ ಇದ್ದಕ್ಕಿದ್ದಂತೆ ನಿಂತಿತು. ಬೀದಿಯಿಡೀ ಸದ್ದಡಗಿತು. ಕರೆಂಟು ಹೋಗಿತ್ತು. ಮುನಿರಾಜು ಬಾಗಿಲಿಗೆ ಓಡುವಷ್ಟರಲ್ಲಿ ಮುನಿತಾಯಮ್ಮ ಮಾಸ್ಕ್ ಕಿತ್ತೆಸೆದು, ಎದೆ ಹಿಡಿದುಕೊಂಡು, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದಳು. ಅವನು ನೀರು ಕೊಟ್ಟ. ಅವಳು ಕುಡಿಯಲಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಕಿಟಕಿಯಾಚೆ ಸದ್ದಿಲ್ಲದ ಗಿರಣಿಯನ್ನು ನೋಡಿದಳು, ಮೆಷಿನ್ ನೋಡಿದಳು. ಕಾಲಿನಿಂದ ಮ್ಯಾಟು ಸರಿಸಿದಳು. ವೈರು ಕಂಡಿತು.

"ಬಿಸಿಲಲ್ಲಿ ಓಡ್ತಿತ್ತಾ?"

ಅವನು ಬಗ್ಗಿ ವೈರನ್ನು ಪ್ಲಗ್ಗಿನಿಂದ ಕಿತ್ತ.

"ಕರೆಂಟ್ ಹೋದಾಗ ನಾನು ಹೆಂಗೆ ಒದ್ದಾಡಿದ್ದೆ ಅಂತ ನೋಡಿದೋರು ನೀವೊಬ್ರೇ. ನೋಡಿದ್ದೂ ಹಿಂಗ್ ಮಾಡಿದ್ರಲ್ಲ." ಮೆಷಿನ್ ಎತ್ತಿಕೊಂಡು ಮನೆಗೆ ಹೋದಳು.

ಆಮೇಲಿನ ದಿನಗಳಲ್ಲಿ ಅವಳು ಜಗಳವಾಡಲಿಲ್ಲ. ಊಟಕ್ಕೆ ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತಾನಾಗಿ ಒಂದು ಮಾತೂ ಆಡಲಿಲ್ಲ. ಮುನಿರಾಜು ಮನೆಯಲ್ಲಿ ನಿಲ್ಲಲಾರದೆ ನಡೆದ. ಮಾಗಡಿ ರೋಡಿನ ಉದ್ದಕ್ಕೆ ನಡೆದ, ಅತ್ತಿಗುಪ್ಪೆಯ ಕಡೆ ನಡೆದ, ಯಾವುದೋ ಬಸ್ಸು ಹತ್ತಿ ಕೆಂಗೇರಿಗೆ ಹೋಗಿ, ಅಲ್ಲಿ ಇಳಿದು ಟೀ ಕುಡಿದು, ಅದೇ ಬಸ್ಸಿನಲ್ಲಿ ವಾಪಸ್ ಬಂದ. ಎಲ್ಲಿ ಹೋದರೂ ಅವಳು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದುದೇ ಕಣ್ಣ ಮುಂದೆ ಬರುತ್ತಿತ್ತು. ಬುಧವಾರ ಮುರುಗೇಶ ಬಂದಾಗ ಗಾಡಿಯ ಬಾಗಿಲನ್ನೂ ತೆಗೆಯದೆ, "ಬೇಡ ಬಿಡು ಗುರು, ಗಾಡಿ ಮಾರ್ತೀನಿ," ಎಂದು ಕಳಿಸಿದ.

ಕೀರ್ತನಾ ಬಂದವಳು ಅಪ್ಪನಿಗೆ ಚೆನ್ನಾಗಿ ಬೈದಳು. "ಏನಪ್ಪಾ ನೀನು? ಅಮ್ಮನ ಉಸಿರಿನ ಜೊತೆ ಆಟ ಆಡ್ತೀಯಾ?"

"ಆಟ ಅಲ್ಲ ಕಣೇ. ನಂಗೆ ತಡೀಲಿಲ್ಲ."

"ನಿಂಗೆ ಯಾವತ್ತು ತಡೀತು?"

ಈ ಮಾತು ಒಳಗೆ ಅಕ್ಕಿ ಆರಿಸುತ್ತಿದ್ದ ಮುನಿತಾಯಮ್ಮನಿಗೆ ಕೇಳಿಸಿತು. ಅವಳ ಕೋಪ ಹೋಗಿರಲಿಲ್ಲ. ಆದರೆ ಆ ಕೆಲವು ದಿನ ಗೇಟಿನ ಹತ್ತಿರ ನಿಂತವನನ್ನು ನೋಡಿ ನೋಡಿ ಅವಳಿಗೆ ಬೇರೊಂದು ಹೆದರಿಕೆ ಶುರುವಾಗಿತ್ತು. ಈ ಗಾಡಿ ಮಾರಿದರೆ ಇವನು ಹೀಗೇ ನಿಂತಿರುತ್ತಾನೆ. ತಾನೂ ಮನೆಯ ಆ ಒಂದು ಪ್ಲಗ್ಗಿನ ಪಕ್ಕದಲ್ಲೇ ಮಲಗಿರಬೇಕಾಗುತ್ತದೆ. ಮರುದಿನ ಬೆಳಗ್ಗೆ ಅವನ ಮುಂದೆ ಕೈ ಚಾಚಿದಳು.

"ಬೀಗದ ಕೈ ಕೊಡಿ. ಆ ಮುರುಗೇಶನ್ನ ಕರೀರಿ. ಮಾಡೋದಿದ್ರೆ ನನ್ನ ಕಣ್ಮುಂದೆ ಮಾಡ್ಬೇಕು. ನೀವು ಮುಟ್ಟಂಗಿಲ್ಲ."

ಮುರುಗೇಶ ಹೊಸ ಕಂಟ್ರೋಲರ್ ತಂದ. ಮುನಿತಾಯಮ್ಮ ಮಂಚದ ಮೇಲೆ ಕಾಲು ಮಡಿಚಿ ಕೂತಳು. ಫ್ಯಾಕ್ಟರಿಯಲ್ಲಿ ಅವಳು ಹೊಲಿದ ಬಟ್ಟೆಗಳ ಚೆಕಿಂಗ್ ಮಾಡುತ್ತಿದ್ದಳು. ಪ್ರತಿ ಹೊಲಿಗೆಯನ್ನೂ ಎರಡು ಕೈಯಿಂದ ಎಳೆದು ನೋಡುವ ಕೆಲಸ. ಈಗಲೂ ಅದನ್ನೇ ಮಾಡಿದಳು. ಒಂದೊಂದು ವೈರನ್ನೂ ಹಿಡಿದು ಎಳೆದು, "ಇದೆಲ್ಲಿಂದ ಬರುತ್ತೆ? ಇದೆಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು. ಬ್ಯಾಟರಿಯ ಹತ್ತಿರ ಒಂದು ವೈರು ತಾಮ್ರದ ತುದಿಯಿಂದ ಕಳಚಿ ಅವಳ ಕೈಗೇ ಬಂತು.

"ಅಯ್ಯೋ, ಸಾರಿ ಅಕ್ಕಾ, ಇದು ನಂದೇ ತಪ್ಪು. ಅರ್ಜೆಂಟಲ್ಲಿ ಒತ್ತಿದ್ದೆ," ಎಂದು ಮುರುಗೇಶ ನಾಲಿಗೆ ಕಚ್ಚಿಕೊಂಡು ಅದನ್ನು ಹೊಸದಾಗಿ ಒತ್ತಿ ಕೂರಿಸಿದ. ಮುನಿತಾಯಮ್ಮ ಮತ್ತೆ ಎಳೆದಳು. ಈ ಸಲ ಬರಲಿಲ್ಲ.

"ಮೊನ್ನೆ ಯಾಕೆ ಸುಟ್ಟಿದ್ದು?"

"ಮೊದ್ಲು ಬ್ಯಾಟರಿ ಕೊಡ್ಬೇಕು ಅಕ್ಕಾ, ಆಮೇಲೆ ಪ್ಯಾನಲ್. ಅಣ್ಣ ಪ್ಯಾನಲ್ ಮೊದ್ಲು ಕೊಟ್ಬಿಟ್ರು. ಬಿಸಿಲು ಬಂದು ನುಗ್ತು, ಬ್ಯಾಟರಿ ಇಲ್ಲ, ಎಲ್ಲಿಗೆ ಕಳಿಸ್ಬೇಕು ಅಂತ ಡಬ್ಬಕ್ಕೆ ಗೊತ್ತಾಗಲ್ಲ."

ಹೊರಗೆ ಬಾಗಿಲ ಹತ್ತಿರ ನಿಂತಿದ್ದ ಮುನಿರಾಜು ನೆಲ ನೋಡಿದ.

"ಹಂಗಾದ್ರೆ ಬ್ಯಾಟರೀದು ನಾನೇ ಕೊಡ್ತೀನಿ. ತೋರ್ಸು," ಎಂದಳು ಮುನಿತಾಯಮ್ಮ. ಮುರುಗೇಶ ತೋರಿಸಿದ. ಮಧ್ಯೆ ಫ್ಯೂಸ್ ಇಟ್ಟು, ಅವಳು ತನ್ನ ಕೈಯಿಂದಲೇ ಸ್ಕ್ರೂ ತಿರುಗಿಸಿದಳು. ಡಬ್ಬದ ಪರದೆ ಬೆಳಗಿತು. ಆಮೇಲೆ ಪ್ಯಾನಲ್ಲಿನ ಎರಡು ವೈರು. ಒಂದು ಕ್ಷಣ ಏನೂ ಆಗಲಿಲ್ಲ. ಮತ್ತೆ ಅಂಕಿಗಳು ಒಂದೊಂದೇ ಏರತೊಡಗಿದವು. ಮುನಿರಾಜು ಅರಿವಿಲ್ಲದೆ ಒಂದು ಹೆಜ್ಜೆ ಒಳಗಿಟ್ಟವನು, ಹೆಂಡತಿ ತಿರುಗಿ ನೋಡಿದ ಕೂಡಲೇ ಹಿಂದಕ್ಕೆ ತೆಗೆದ.

ಬ್ಯಾಟರಿ ತುಂಬಿದ ದಿನ ಅವಳು ಕೀರ್ತನಾಳನ್ನು ಜೊತೆಗಿಟ್ಟುಕೊಂಡು ಗಾಡಿಯಲ್ಲೇ ರಾತ್ರಿ ಮಲಗಿದಳು. ಗಂಡನಿಗೆ ಮನೆಯಲ್ಲೇ ಇರಲು ಹೇಳಿದಳು. "ನೀವಿದ್ರೆ ಹೊರಳಾಡ್ತಾನೇ ಇರ್ತೀರಿ. ನಂಗೆ ಮೆಷಿನ್ ಸದ್ದು ಕೇಳಲ್ಲ." ಬೆಳಗ್ಗೆ ಬಾಗಿಲು ತೆಗೆದಾಗ ಮುನಿರಾಜು ಸ್ವೆಟರ್ ಹಾಕಿಕೊಂಡು ಸೈಟಿನಲ್ಲಿ ನಿಂತಿದ್ದ. ಅವನ ಕಣ್ಣುಗಳು ಕೆಂಪಗಿದ್ದವು.

"ಮೆಷಿನ್ ನಿಲ್ಲಲಿಲ್ಲ," ಎಂದಳು ಅವಳು. ಅವನು ಏನೋ ಹೇಳಲು ಹೋದ. "ಹೇಳ್ಬೇಡಿ. ಹೇಳದೇ ಇದ್ರೂ ಗೊತ್ತು. ಇನ್ನೊಂದ್ಸಲ ಮಾಡ್ಬೇಡಿ ಅಷ್ಟೇ," ಎಂದು ಅವಳೇ ಮಾತು ಮುಗಿಸಿದಳು.

ಆ ವಾರವೇ ಹೊರಟರು. ಕೆಂಗೇರಿ ದಾಟುವಾಗ ಮುನಿರಾಜು ಹಾರ್ನ್ ಹೊಡೆದ, ಮುಂದೆ ಯಾರೂ ಇರಲಿಲ್ಲ. ರಾಮನಗರದಲ್ಲಿ ಇಡ್ಲಿ ತಿಂದರು. ಸಂಜೆಗೆ ತಲಕಾಡಿನ ಹತ್ತಿರ ಹೊಳೆ ದಂಡೆಯಲ್ಲಿ ಮರವಿಲ್ಲದ ಜಾಗ ಹುಡುಕಿ ಗಾಡಿ ನಿಲ್ಲಿಸಿದರು. ರಾತ್ರಿ ಚೆನ್ನಾಗಿಯೇ ಕಳೆಯಿತು. ಬೆಳಗ್ಗೆ ಎದ್ದರೆ ಆಕಾಶವೆಲ್ಲ ಮೋಡ.

ಬ್ಯಾಟರಿ ಅರ್ಧಕ್ಕಿಳಿದಿತ್ತು. ಮುನಿರಾಜು ಡಬ್ಬದ ಮುಂದೆ ಬಗ್ಗಿ ನೋಡಿದ. ಹೊರಗೆ ಹೋಗಿ ಆಕಾಶ ನೋಡಿದ, ಬಂದು ಮತ್ತೆ ಡಬ್ಬ ನೋಡಿದ. ಟಾಪಿಗೆ ಹತ್ತಿ ಪ್ಯಾನಲ್ ಒರೆಸಿದ. ಇಳಿದು ಬಂದು ಮತ್ತೆ ನೋಡಿದ.

"ಕೊಳ್ಳೇಗಾಲದ ಕಡೆ ಬಿಸಿಲಿರುತ್ತೆ. ಹೊರಟ್ಬಿಡೋಣ?"

"ಯಾರು ಹೇಳಿದ್ರು?"

"ಇರ್ಬೋದು ಅಂತ."

"ಮೋಡ ಎಲ್ಲಾ ಕಡೆ ಮೋಡವೇ ರೀ. ಬರುತ್ತೆ ಬಿಡಿ."

"ಸಂಜೆ ಒಳಗೆ ತುಂಬದೇ ಇದ್ರೆ? ರಾತ್ರಿ ಮಧ್ಯದಲ್ಲಿ ಖಾಲಿ ಆದ್ರೆ?" ಈ ಸಲ ಹೆದರಿದ್ದು ಅವನು.

ಮುನಿತಾಯಮ್ಮ ಸೊಪ್ಪು ಬಿಡಿಸುತ್ತಿದ್ದಳು. "ಸಾಲದೇ ಇದ್ರೆ ರಾತ್ರಿ ಕೂತಿರ್ತೀನಿ, ಹಗಲು ಮಲಗ್ತೀನಿ. ಯಾವ ಆಫೀಸಿಗೆ ಹೋಗ್ಬೇಕು ನಾನು? ನೀವು ಹಿಂಗೆ ನನ್ ತಲೆ ಮೇಲೆ ಹತ್ತಿ ಇಳೀಬೇಡಿ. ಹೋಗಿ, ಹೊಳೆ ನೋಡ್ಕೊಂಡು ಬನ್ನಿ."

ಅವನು ಹೋದ. ಮರಳಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆಯುತ್ತಿದ್ದುದು ಕಿಟಕಿಯಿಂದ ಅವಳಿಗೆ ಕಾಣುತ್ತಿತ್ತು. ಆಮೇಲೆ ಹರಿಗೋಲಿನವನ ಜೊತೆ ಮಾತಿಗೆ ನಿಂತ. ಆಮೇಲೆ ಹರಿಗೋಲು ಹತ್ತಿ ಕೂತ. ಅದು ತಿರುಗುತ್ತಾ ಹೊಳೆಯ ನಡುವಿಗೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಮೋಡ ಹರಿಯಿತು. ಗಾಡಿಯೊಳಗೆ ಬಿಸಿಲು ಬಿತ್ತು. ಮುನಿತಾಯಮ್ಮ ಎದ್ದು ಡಬ್ಬದ ಮುಂದೆ ನಿಂತಳು. ಅಂಕಿಗಳು ಏರುತ್ತಿದ್ದವು. ಗಂಡನನ್ನು ಕೂಗಿ ಹೇಳಬೇಕೆನಿಸಿತು, ಬಾಗಿಲವರೆಗೆ ಹೋದಳು. ಅವನು ದೂರದಲ್ಲಿ ಪ್ಯಾಂಟು ಮೊಣಕಾಲಿಗೆ ಮಡಿಚಿಕೊಂಡು, ಹರಿಗೋಲಿನವನಿಂದ ಹುಟ್ಟು ಇಸಿದುಕೊಂಡು ತಾನೇ ನೀರು ತಳ್ಳುತ್ತಿದ್ದ. ಹರಿಗೋಲು ನಿಂತಲ್ಲೇ ಸುತ್ತುತ್ತಿತ್ತು. ಹರಿಗೋಲಿನವನು ನಗುತ್ತಿದ್ದ.

ಅವಳು ಕೂಗಲಿಲ್ಲ. ಅನ್ನಕ್ಕೆ ತಟ್ಟೆ ಮುಚ್ಚಿ, ಮಾಸ್ಕ್ ಕಟ್ಟಿಕೊಂಡು ಮಲಗಿದಳು.