ಶೀಟಿನ ಇನ್ನೊಂದು ತುದಿ

ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಕೂತಾಗ ಏಳುವ ವಾಸನೆ ಅವಳ ಪಾಲಿಗೆ ಬಾಲ್ಯದ ವಾಸನೆ. ಅಮ್ಮ ಮನೆಮನೆಯಿಂದ ಬಟ್ಟೆ ತಂದು ಇಸ್ತ್ರಿ ಮಾಡುತ್ತಿದ್ದಳು. ಮಗಳು ಮೇಜಿನ ಕೆಳಗೆ ಮುದುರಿಕೊಂಡು, ಸ್ವಲ್ಪ ಸುಟ್ಟಂತಿದ್ದ ಆ ಬೆಚ್ಚನೆಯ ವಾಸನೆಯನ್ನು ಮೂಗಿನ ತುಂಬ ಎಳೆದುಕೊಳ್ಳುತ್ತಲೇ ನಿದ್ದೆಹೋಗುತ್ತಿದ್ದಳು. ಈಗ ದಿನವಿಡೀ ಅದೇ ವಾಸನೆಯ ನಡುವೆ ನಿಂತಿರುತ್ತಾಳೆ, ಮೂಗಿಗೆ ಏನೂ ಬಡಿಯುವುದಿಲ್ಲ. ಯಾವತ್ತು ನಿಂತುಹೋಯಿತೋ ಅದೂ ಗೊತ್ತಿಲ್ಲ.

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಅನ್ನುತ್ತಾರೆ. ಅಲ್ಲಿರುವ ಯಾರಿಗೂ ಅವಳು ಅತ್ತಿಗೆಯಲ್ಲ. ಮೊದಲ ದಿನ ನಾದಿನಿಯ ಜೊತೆ ಬಂದಿದ್ದಳು. ನಾದಿನಿ ನಾಲ್ಕು ದಿನಕ್ಕೇ ಸಾಕಪ್ಪಾ ಸಾಕು ಎಂದು ಕೆಲಸ ಬಿಟ್ಟಳು, ಇವಳು ಉಳಿದಳು, ಹೆಸರೂ ಉಳಿಯಿತು.

ಆಸ್ಪತ್ರೆಗಳ, ಹೋಟೆಲುಗಳ ಶೀಟುಗಳು ಒಗೆತ ಮುಗಿಸಿ, ಕಾದ ಇಸ್ತ್ರಿ ರೋಲರಿನಡಿ ಹಾದು, ಬಿಸಿಬಿಸಿಯಾಗಿ ಮಡಚುವ ಕೋಣೆಗೆ ಬರುತ್ತವೆ. ಶೀಟು ಒಬ್ಬರ ಕೈಗೆ ಒಗ್ಗುವಂಥದ್ದಲ್ಲ. ಇಬ್ಬರು ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು ಜಗ್ಗಬೇಕು. ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು, ಹಿಂದೆ ಸರಿಯಬೇಕು, ಮತ್ತೆ ಹತ್ತಿರ ಬರಬೇಕು. ಹೀಗೆ ದಿನವೆಲ್ಲ ಒಬ್ಬರ ಬೆರಳು ಇನ್ನೊಬ್ಬರ ಬೆರಳಿಗೆ ತಾಗುತ್ತಲೇ ಇರುತ್ತದೆ. ಹಾಗಾಗಿ ಅಲ್ಲಿ ಜೋಡಿ ಎಂದರೆ ಜೋಡಿ.

ಅತ್ತಿಗೆಯ ಜೋಡಿ ಏಣಿ. ಎಲ್ಲರಿಗಿಂತ ಎತ್ತರದ ಹೆಂಗಸು, ಅದಕ್ಕೇ ಆ ಹೆಸರು. ಒಮ್ಮೆ ಅತ್ತಿಗೆಯ ಹೆಬ್ಬೆರಳು ಸುಟ್ಟು ಬೊಬ್ಬೆ ಎದ್ದಿತ್ತು. ಗಾಯ ಮಾಯುವವರೆಗೂ ರೋಲರಿನಿಂದ ಬರುವ ಬಿಸಿ ತುದಿಯನ್ನು ಏಣಿಯೇ ಹಿಡಿದಳು. "ನನ್ನ ಚರ್ಮ ಎಮ್ಮೆ ಚರ್ಮ ಕಣೇ, ನೀನು ತಣ್ಣಗಿರೋ ಕಡೆ ನಿಂತ್ಕೋ" ಎಂದಿದ್ದಳು. ಆಮೇಲೆ ಅದರ ಮಾತೇ ಎತ್ತಲಿಲ್ಲ.

ನೆಲಕ್ಕೆ ತಾಗಿದ ಶೀಟನ್ನು ಮತ್ತೆ ಒಗೆತಕ್ಕೆ ಹಾಕಬೇಕು, ಅದು ನಿಯಮ. ಕೊಡವಿ ಮಡಚಿಬಿಡುವುದು, ಅದು ರೂಢಿ. ಎಲ್ಲರೂ ಹಾಗೇ ಮಾಡುತ್ತಿದ್ದರು, ಮೇಸ್ತ್ರಿಗೂ ಗೊತ್ತಿತ್ತು. ಒಂದು ದಿನ ಮಾಲೀಕರ ಅಕ್ಕ ಆಸ್ಪತ್ರೆಯವರನ್ನು ಕರೆದುಕೊಂಡು ಬಂದರು. ಏಣಿಯ ಕೈಯಲ್ಲಿದ್ದ ಶೀಟನ್ನು ಮುಟ್ಟಿ, "ಇದು ಕೆಳಗೆ ಬಿದ್ರೆ ಏನಮ್ಮಾ ಮಾಡ್ತೀರಿ?" ಎಂದು ಕೇಳಿದರು.

"ಕೊಡವಿ ಮಡಚ್ತೀವಿ ಅಮ್ಮಾ" ಎಂದಳು ಏಣಿ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಅವಳಿಗೆ ಒಳಗೊಂದು ಹೊರಗೊಂದು ಬರುತ್ತಿರಲಿಲ್ಲ.

ಅಂದಿನಿಂದ ನಿಯಮ ಬಿಗಿಯಾಯಿತು. ಬಿದ್ದ ಶೀಟೆಲ್ಲ ಮತ್ತೆ ಒಗೆದು ಮಡಚಿ ಮುಗಿಯುವ ತನಕ ಯಾರೂ ಮನೆಗೆ ಹೊರಡುವಂತಿಲ್ಲ. ಒಬ್ಬಳಿಗೆ ಬಸ್ಸು ತಪ್ಪಿತು, ಇನ್ನೊಬ್ಬಳ ಮಗು ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತಿತು. ಯಾರೂ ಏಣಿಯನ್ನು ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಮಾರನೆಯ ಬೆಳಿಗ್ಗೆ ರೋಲರಿನ ಹತ್ತಿರ ನಿಂತಿದ್ದ ದೊಡ್ಡಮ್ಮ, ಅಲ್ಲಿಯ ಹಳಬಳು, "ಅತ್ತಿಗೇ, ಬಾ ಇಲ್ಲಿ. ಇದೊಂಚೂರು ಹಿಡಿ" ಎಂದು ಕರೆದಳು. ಅಷ್ಟೇ ಆದದ್ದು. ಅತ್ತಿಗೆ ಹೋದಳು. ಒಂದು ಶೀಟು ಮಡಚಿದರು, ಇನ್ನೊಂದು ಬಂತು. ತಿರುಗಿ ನೋಡಿದಾಗ ಏಣಿ ಎರಡು ಮೂಲೆ ಹಿಡಿದುಕೊಂಡು ಕಾಯುತ್ತಾ ನಿಂತಿದ್ದಳು. ಇದೊಂದು ಮುಗಿಸಿ ಹೋಗೋಣ ಅಂದುಕೊಂಡಳು ಅತ್ತಿಗೆ. ಅದು ಮುಗಿಯುವಷ್ಟರಲ್ಲಿ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಅವಳು ಆ ಕಡೆ ನೋಡುವುದನ್ನೂ ಬಿಟ್ಟಿದ್ದಳು.

ಏಣಿ ಒಬ್ಬಳೇ ಮಡಚತೊಡಗಿದಳು. ಒಂದು ಅಂಚನ್ನು ಗಲ್ಲದ ಕೆಳಗೆ ಒತ್ತಿಹಿಡಿದು ತೋಳು ಚಾಚುತ್ತಿದ್ದಳು. ಎಷ್ಟು ಎತ್ತರವಿದ್ದರೇನು, ಶೀಟಿನ ತುದಿ ನೆಲಕ್ಕೆ ತಾಗಿಯೇ ತಾಗುತ್ತಿತ್ತು. ಒಗೆತಕ್ಕೆ ವಾಪಸು ಹೋಗುವ ರಾಶಿಯಲ್ಲಿ ಮುಕ್ಕಾಲು ಪಾಲು ಅವಳದೇ ಆಯಿತು.

"ನೋಡ್ರೇ, ನಮ್ಮನ್ನೆಲ್ಲ ಹೊತ್ತು ಮುಳುಗೋವರೆಗೂ ಕೂರಿಸೋಳು ಯಾರು ಅಂತ" ಎಂದಳು ಒಬ್ಬಳು.

ಅತ್ತಿಗೆಯ ಬಾಯಿಗೆ ಅದೆಲ್ಲಿಂದ ಬಂತೋ. "ಏಣಿ ಒಂದೇ ಹೇಗೆ ನಿಲ್ಲತ್ತೆ? ಗೋಡೆಗೆ ಒರಗಿಸ್ಬೇಕಷ್ಟೆ" ಎಂದುಬಿಟ್ಟಳು.

ಕೋಣೆಗೆ ಕೋಣೆಯೇ ಗೊಳ್ಳೆಂದಿತು. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು, "ಅಯ್ಯೋ ಇವಳ ಬಾಯಿಗೆ ಬೀಗ ಹಾಕ!" ಎಂದು ಅತ್ತಿಗೆಯ ಬೆನ್ನಿಗೊಂದು ಗುದ್ದಿದಳು. ಆ ಗುದ್ದು ಹಿತವಾಗಿತ್ತು. ಏಣಿಯೂ ಸ್ವಲ್ಪ ನಕ್ಕಳು, ಎಲ್ಲರೂ ನಗುವಾಗ ತಾನೊಬ್ಬಳೇ ಸುಮ್ಮನಿರುವುದು ಹೇಗೆ ಅನ್ನುವ ಹಾಗೆ.

ಮನೆಯಲ್ಲಿ ಅತ್ತಿಗೆ ಬೇರೆಯೇ ಹೆಂಗಸು. ಹಾಸಿಗೆ ಹಿಡಿದ ಅತ್ತೆಗೆ ತುತ್ತು ತಣಿಸಿ ಕೊಡುವವಳು, ಅಂಗಳಕ್ಕೆ ಬಂದ ಬೀದಿಬೆಕ್ಕಿಗೂ ಗದರದವಳು. ಆ ಸಂಜೆ ಅತ್ತೆಯ ತಲೆ ಬಾಚುವಾಗ ಮುದುಕಿ ಕೇಳಿದಳು.

"ಆ ಉದ್ದ ಹುಡುಗಿ ಹೇಗಿದಾಳೇ? ಹೋದ ಸಲ ಬಂದಾಗ ನನ್ನ ಕಾಲುಗುರು ಕತ್ತರಿಸಿ ಹೋದ್ಲಲ್ಲ."

"ಚೆನ್ನಾಗಿದಾಳೆ ಅತ್ತೆ."

ಸುಳ್ಳು ಎಣ್ಣೆ ಹಚ್ಚಿದಂತೆ ಜಾರಿ ಬಂತು. ಎದೆ ಹೊಡೆದುಕೊಳ್ಳುತ್ತದೇನೋ ಎಂದು ಅತ್ತಿಗೆ ಒಂದು ಕ್ಷಣ ಕಾದಳು. ಇಲ್ಲ, ಏನೂ ಆಗಲಿಲ್ಲ. ಬಾಚಣಿಗೆ ತನ್ನ ಪಾಡಿಗೆ ಓಡುತ್ತಿತ್ತು. ಗಂಡನಿಗೆ ಅರ್ಧಂಬರ್ಧ ಹೇಳಿದಳು. ಅವನು ರೇಡಿಯೋ ತಿರುಗಿಸುತ್ತಾ, "ಹತ್ತು ಜನ ನಿಂತ ಕಡೆ ನೀನೂ ನಿಂತ್ಕೋ. ಊರ ಉಸಾಬರಿ ಯಾಕೆ?" ಎಂದ.

ಆ ವಾರವೇ ಒಂದು ಬೆಳಿಗ್ಗೆ ಮೇಸ್ತ್ರಿ ಬಂದು ಕೋಣೆಯ ನಡುವೆ ನಿಂತ. ಕೆಟ್ಟವನಲ್ಲ, ಮುಖ ಸಪ್ಪಗಿತ್ತು.

"ಇಷ್ಟು ಶೀಟು ವಾಪಸ್ ಹೋದ್ರೆ ನಾನು ಮೇಲಿನವರಿಗೆ ಏನಂತ ಹೇಳ್ಲಿ? ಯಾರಾದ್ರೂ ಇವಳ ಜೊತೆ ಹಿಡೀತೀರಾ? ಇಲ್ಲಾಂದ್ರೆ ಇವತ್ತಿಂದ ಇವಳನ್ನ ಕೊಳೆ ಕೋಣೆಗೆ ಹಾಕ್ಬೇಕಾಗತ್ತೆ."

ಕೊಳೆ ಕೋಣೆಯೆಂದರೆ ಹಿತ್ತಲ ಕಡೆಯ ಕತ್ತಲೆ ಕೋಣೆ. ಆಸ್ಪತ್ರೆಯ ಚೀಲಗಳನ್ನು ಅಲ್ಲಿ ಬಿಚ್ಚುತ್ತಾರೆ. ರಕ್ತ, ವಾಂತಿ, ಎಲ್ಲವನ್ನೂ ಬೇರೆ ಮಾಡುವ ಕೆಲಸ. ಮಾತಾಡಲು ಜೊತೆಗೆ ಇನ್ನೊಂದು ಜೀವ ಇಲ್ಲ, ಅಲ್ಲಿಗೆ ಹೋದವರು ಈ ಕಡೆ ವಾಪಸು ಬಂದದ್ದಿಲ್ಲ.

ರೋಲರ್ ತಿರುಗುತ್ತಿತ್ತು. ಯಾರಾದರೂ ಒಬ್ಬರು ಹೆಜ್ಜೆ ಮುಂದಿಟ್ಟರೆ ನಾನೂ ಹೋಗುತ್ತೇನೆ ಎಂದು ಅತ್ತಿಗೆ ಮನಸ್ಸಿನಲ್ಲೇ ಅಂದುಕೊಂಡಳು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. ಒಬ್ಬಳು ಕೆಮ್ಮಿದಳು. ಏಣಿ ಯಾರ ಮುಖವನ್ನೂ ನೋಡಲಿಲ್ಲ, ಅತ್ತಿಗೆಯ ಮುಖವನ್ನು ಮಾತ್ರ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಮೂಲೆ ಹಿಡಿದುಕೊಂಡು ಕಾಯುವಾಗ ನೋಡುತ್ತಿದ್ದಳಲ್ಲ, ಹಾಗೇ ನೋಡಿದಳು. ಅತ್ತಿಗೆಯ ಕೈ, ಮಡಚಿ ಆಗಿದ್ದ ಶೀಟನ್ನೇ ಮತ್ತೆ ಮತ್ತೆ ಸವರುತ್ತಿತ್ತು.

"ಸರಿ ಬಾಮ್ಮಾ" ಎಂದ ಮೇಸ್ತ್ರಿ.

ಏಣಿ ಅವನ ಹಿಂದೆ ಹೋದಳು. ಬಾಗಿಲ ಚೌಕಟ್ಟು ತಲೆಗೆ ತಾಗದಿರಲೆಂದು ಎಂದಿನಂತೆ ಸ್ವಲ್ಪ ಬಗ್ಗಿದಳು.

ಊಟದ ಹೊತ್ತಿಗೆ ಎಲ್ಲರೂ ಮೇಜಿನ ಸುತ್ತ ಕೂತರು. ಊಟದ ಡಬ್ಬಿಗಳನ್ನು ಬಿಚ್ಚಿದರು. ಕೊನೆಗೆ ದೊಡ್ಡಮ್ಮನೇ ಹೇಳಿದಳು.

"ಅಲ್ಲಿಗೆ ಹಾಕ್ತಾರೆ ಅಂತ ನಾನೇನು ಅಂದ್ಕೊಂಡಿದ್ನೇನ್ರೇ? ಎರಡು ದಿನ ಮುಖ ಊದಿಸ್ಕೊಂಡು ಆಮೇಲೆ ರಾಜಿ ಆಗೋಣ ಅಂತಿದ್ದೆ."

"ನಾನೂ ಅಷ್ಟೇ ದೊಡ್ಡಮ್ಮಾ. ನೀವು ಮಾತಾಡಿದ್ರೆ ನಾನೂ ಮಾತಾಡ್ತಿದ್ದೆ."

"ನಾನು ಅತ್ತಿಗೇನೇ ಹೋಗ್ತಾಳೆ ಅಂತ ನೋಡ್ತಾ ಇದ್ದೆ. ಅವಳ ಜೋಡಿ ತಾನೇ?"

ಎಲ್ಲರೂ ಅತ್ತಿಗೆಯ ಕಡೆ ತಿರುಗಿದರು. ಹಾಗಾದರೆ ಏಣಿ ಕೊಳೆ ಕೋಣೆಗೆ ಹೋಗುವುದು ಇಲ್ಲಿ ಯಾರಿಗೂ ಬೇಕಿರಲಿಲ್ಲ. ಇದನ್ನು ತಿಳಿದರೂ ಅತ್ತಿಗೆಗೆ ಅಳು ಬರಲಿಲ್ಲ, ಕೋಪ ಬರಲಿಲ್ಲ. ಬಾಯಲ್ಲಿದ್ದ ತುತ್ತಿಗೆ ರುಚಿಯೂ ಇರಲಿಲ್ಲ. ನುಂಗಿದಳು.

ಗೋಡೆಯ ಹಲಗೆಯ ಮೇಲೆ ಒಂದು ಡಬ್ಬಿ ಹಾಗೇ ಉಳಿದಿತ್ತು. ಬೆಳಿಗ್ಗೆ ಏಣಿ ಇಟ್ಟದ್ದು. ಕೊಳೆ ಕೋಣೆಯ ಏಪ್ರನ್ ತೊಟ್ಟವರು ಈ ಹೊಸ್ತಿಲು ದಾಟುವ ಹಾಗಿಲ್ಲ. ಅವಳಾಗಿ ಬಂದು ತೆಗೆದುಕೊಳ್ಳಲಾರಳು. ಅದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಎಲ್ಲರೂ ತಂತಮ್ಮ ಡಬ್ಬಿಯೊಳಗೆ ನೋಡುತ್ತಿದ್ದರು.

ಅತ್ತಿಗೆ ಎದ್ದಳು.

"ಎಲ್ಲಿಗೇ?" ಎಂದಳು ದೊಡ್ಡಮ್ಮ.

ಅತ್ತಿಗೆ ಡಬ್ಬಿಯನ್ನು ಇಳಿಸಿ ರೋಲರಿನ ತಗಡಿನ ಮೇಲೆ ಇಟ್ಟು, ಬೆಚ್ಚಗಾಗುವ ತನಕ ಅಲ್ಲೇ ನಿಂತಳು. ಆಮೇಲೆ ಸೆರಗಿನಲ್ಲಿ ಹಿಡಿದು, ಚೀಲಗಳು ಸಾಲಾಗಿ ಬಿದ್ದಿದ್ದ ಓಣಿಯಲ್ಲಿ ಹಿತ್ತಲ ಬಾಗಿಲಿಗೆ ಹೋದಳು. ಏಣಿ ಬೆನ್ನು ತಿರುಗಿಸಿ ಒಂದು ಚೀಲದ ಗಂಟು ಬಿಚ್ಚುತ್ತಿದ್ದಳು. ಹೆಜ್ಜೆ ಸದ್ದಿಗೆ ತಿರುಗಿದಳು.

ಅತ್ತಿಗೆ ಡಬ್ಬಿಯನ್ನು ಮುಂದೆ ಚಾಚಿದಳು.

ಏಣಿ ಕೈಗವಸುಗಳನ್ನು ನಿಧಾನವಾಗಿ ಕಳಚಿದಳು, ನಲ್ಲಿಯಲ್ಲಿ ಕೈ ತೊಳೆದು ಏಪ್ರನ್ನಿನ ಒಳಮಗ್ಗುಲಿಗೆ ಒರೆಸಿಕೊಂಡು ಬಂದು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು.