ಕಾಗದದ ಕೀಲಿಮಣೆ

ತಂಗಿಯ ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆಂದು ಜಿಗ್ಬೋಡಿ ಘಾನಾದ ಗಡಿ ದಾಟಿ ಟೋಗೋದ ಕ್ಪಾಲಿಮೆ ಪೇಟೆಗೆ ಬಂದಿದ್ದಳು. ದಾರಿಯಲ್ಲಿ ಮೋಟಾರುಬೈಕಿನಿಂದ ಫೋನು ಬಿದ್ದು ಕೆಟ್ಟುಹೋಯಿತು. ಕೆಡಲು ಅದಕ್ಕೆ ಬೇರೆ ದಿನ ಸಿಕ್ಕಲಿಲ್ಲ. ಊರಿನ ಕೋಕೋ ಬೆಳೆಗಾರರ ಸಂಘಕ್ಕೆ ಅವಳೇ ಕಾರ್ಯದರ್ಶಿ. ನರ್ಸರಿಯವರು ಎರಡು ಸಾವಿರ ಸಸಿ ಲಾರಿಗೆ ತುಂಬಿ ನಿಂತಿದ್ದರು. ಹನ್ನೆರಡರೊಳಗೆ ಅವಳು ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತದಿದ್ದರೆ ಲಾರಿ ಬೇರೆ ಊರಿಗೆ ತಿರುಗುತ್ತಿತ್ತು. ಮಳೆಗಾಲ ಶುರುವಾಗಿತ್ತು; ಊರಿನಲ್ಲಿ ಗುಂಡಿ ತೋಡಿ ಕಾಯುತ್ತಿದ್ದರು.

ಕೊಕುವಿಯ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಅವಳು ಪಾಸ್‌ವರ್ಡನ್ನು ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ಹೊಡೆದಳು. ಎರಡು ಸಲವೂ ತಪ್ಪೆಂದಿತು. ಇನ್ನೊಮ್ಮೆ ತಪ್ಪಿದರೆ ನಾಳೆಯವರೆಗೆ ಪ್ರವೇಶವಿಲ್ಲ ಎಂಬ ಎಚ್ಚರಿಕೆ ಬಂತು. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

ಕೊಕುವಿ ಬಂದು ಪಕ್ಕದಲ್ಲಿ ನಿಂತ. ಅಕ್ಕನ ವಯಸ್ಸಿನವಳೆಂದು ಅವಳನ್ನು ದಾವಿ ಎಂದು ಕರೆದ. "ದಾವಿ, ನಾವೂ ನೀವೂ ಒಂದೇ ಎವೆ ಭಾಷೆ ಮಾತಾಡ್ತೀವಿ, ಒಂದೇ ಅಕುಮೆ ಮುದ್ದೆ ತಿಂತೀವಿ. ನಮ್ಮ ಕೀಲಿಮಣೆ ಕಂಡ್ರೆ ಮಾತ್ರ ನಿಮ್ಮ ಬೆರಳಿಗೆ ಯಾಕೆ ಇಷ್ಟು ಸಿಟ್ಟು?"

"ನಿಮಗೆ ಫ್ರೆಂಚರು ಕಲಿಸಿದ್ರು, ನಮಗೆ ಇಂಗ್ಲಿಷರು. ಅವರಿಬ್ಬರ ಜಗಳ ನನ್ನ ಕಿರುಬೆರಳಿಗೆ ಬಂತು ನೋಡು. 'ಎ' ಇರೋ ಜಾಗದಲ್ಲಿ 'ಕ್ಯೂ' ಇಟ್ಟಿದ್ದೀರಲ್ಲೋ!"

"ಪಾಸ್‌ವರ್ಡ್ ಹೇಳಿ, ನಾನೇ ಹೊಡೀತೀನಿ."

"ನನಗೇ ಗೊತ್ತಿಲ್ಲ."

"ಅಯ್ಯಯ್ಯೋ, ಮತ್ಯಾರಿಗೆ ಗೊತ್ತು?"

"ಬೆರಳಿಗೆ."

ಅದು ನಿಜವೇ ಆಗಿತ್ತು. ಘಾನಾದ ಹೋ ಎಂಬ ಪಟ್ಟಣದ ಕಚೇರಿಯೊಂದರಲ್ಲಿ ಇಪ್ಪತ್ತೇಳು ವರ್ಷ ಟೈಪು ಮಾಡಿದವಳು ಅವಳು. ಕೀಲಿಮಣೆ ನೋಡಿ ಹೊಡೆದವಳಲ್ಲ. ಪಾಸ್‌ವರ್ಡ್ ಇಡಲು ಮೊದಲ ಸಲ ಕೇಳಿದಾಗ ಬೆರಳು ಓಡಿದ ಕಡೆ ಓಡಲೆಂದು ಬಿಟ್ಟಿದ್ದಳು. ಆ ಓಟವಷ್ಟೇ ಅವಳಿಗೆ ನೆನಪು.

"ಒಂದು ಕಾಗದ ಕೊಡಪ್ಪ, ದೊಡ್ಡದು."

ಕಾಗದದ ಮೇಲೆ ಅವಳು ಒಂದೊಂದೇ ಸಾಲಾಗಿ ತನ್ನ ಊರಿನ ಕೀಲಿಮಣೆಯನ್ನು ಬರೆದಳು. ಮೊದಲು ಅಂಕಿಗಳು, ಅವುಗಳ ತಲೆಯ ಮೇಲೆ ಗುರುತುಗಳು, ಕೆಳಗೆ ಅಕ್ಷರಗಳು. ಟೈಪ್ ಶಾಲೆಯ ಮೇಡಂ ಬಾಯಿಪಾಠ ಮಾಡಿಸಿದ್ದು ಒಂದೂ ತಪ್ಪಲಿಲ್ಲ. ಕೈ ಇಟ್ಟು, ಕಣ್ಣು ಮುಚ್ಚಿ, ಕಾಗದವನ್ನೇ ಹೊಡೆದಳು. ಪ್ರತಿ ಹೊಡೆತಕ್ಕೂ ನಿಂತು, ಕಣ್ಣು ತೆರೆದು, ಬೆರಳ ಕೆಳಗಿನದನ್ನು ಅಂಚಿನಲ್ಲಿ ಗುರುತು ಹಾಕಿಕೊಂಡಳು. ಹನ್ನೊಂದು ಅಕ್ಷರ ಸಿಕ್ಕವು.

"ಈಗ ಗೋಡೆ ನೋಡು."

"ಅಂಗಡಿ ನಂದು, ಗೋಡೆನೂ ನಂದು," ಎಂದು ಗೊಣಗಿ ಕೊಕುವಿ ತಿರುಗಿದ.

ಜಿಗ್ಬೋಡಿ ಅವಸರಪಡಲಿಲ್ಲ. ಪಾಸ್‌ವರ್ಡಿನ ಜಾಗದಲ್ಲಿ ಬರೀ ಚುಕ್ಕಿ ಕಾಣುತ್ತದೆ, ಹೆಸರಿನ ಜಾಗದಲ್ಲಿ ಅಕ್ಷರವೇ ಕಾಣುತ್ತದೆ. ಆದ್ದರಿಂದ ಅಲ್ಲೇ ಹೊಡೆದಳು. ಏಳು ಒತ್ತಿದರೆ ತಲೆಗೊಂದು ಗೀಟಿದ್ದ 'ಇ' ಬಂತು.

"ಏನೋ ಇದು, ಅಂಕಿ ಎಲ್ಲಿ ಹೋಯ್ತು?"

"ಅಂಕಿಗೆ ಶಿಫ್ಟ್ ಒತ್ತಬೇಕು ದಾವಿ," ಗೋಡೆ ಹೇಳಿದಂತೆ ಕೇಳಿಸಿತು.

"ಹ್ಯಾಶ್ ಗುರುತು?"

"ಮೂರರ ಕೀಲಿಯ ಮೂಲೆಯಲ್ಲಿದೆ. ಬಲಗಡೆ ಆಲ್ಟ್ ಹಿಡ್ಕೊಂಡು ಒತ್ತಿ. ಎಡಗಡೆದು ಅಲ್ಲ, ಅದಕ್ಕೆ ಬರಲ್ಲ."

ಹನ್ನೊಂದೂ ಸಾಲಾಗಿ ಕಂಡವು. ಕಾಗದದೊಡನೆ ಎರಡು ಸಲ ತಾಳೆ ನೋಡಿ, ಕತ್ತರಿಸಿ ಪಾಸ್‌ವರ್ಡಿನ ಜಾಗಕ್ಕೆ ಅಂಟಿಸಿ, ಹೆಸರು ಬರೆದು ಒತ್ತಿದಳು. ಖಾತೆ ತೆರೆಯಿತು. ಒಪ್ಪಿಗೆ ಕೊಟ್ಟಾಗ ಹನ್ನೆರಡಕ್ಕೆ ಹದಿನೆಂಟು ನಿಮಿಷ ಬಾಕಿ. ಕಾಗದವನ್ನು ಮಡಚಿ ರವಿಕೆಯೊಳಗೆ ಸೇರಿಸಿ, ಕೊಕುವಿಯ ಫೋನು ಇಸಿದುಕೊಂಡು ಸಂಘದ ಅಧ್ಯಕ್ಷ ಅಗ್ಬೆಕೊಗೆ ಕರೆ ಮಾಡಿದಳು.

"ಲಾರಿ ನಮ್ಮೂರಿಗೇ ಬರ್ತಿದೆ."

"ಬರುತ್ತಾ? ನಿನ್ನ ಫೋನು ಬೇರೆ ಸತ್ತಿತ್ತು, ನಾವು ಹೆದರಿಬಿಟ್ಟಿದ್ವಲ್ಲೇ!"

"ಹೆದರೋದು ಆಮೇಲೆ ಇಟ್ಕೊಳ್ಳಿ. ಬಾಳೆ ಎಲೆ ಕಡಿದು ಚಪ್ಪರ ಹಾಕ್ಸಿ. ಸಸಿಗಳನ್ನ ಬಿಸಿಲಲ್ಲಿ ಇಳಿಸೀರಿ, ಜೋಕೆ!"